ಮೀನೂ ಸೊಪ್ಪೂ ಒಂದೇ ನೀರಿನಲ್ಲಿ

ಕಳೆದ ಬೇಸಿಗೆಯ ಒಂದು ದಿನ ಬೆಳಗಿನ ಜಾವ ಹರಿಹರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಮಾತನಾಡಿದನು. “ಸರ್, ಎಲ್ಲಾ ಮೇಲೆ ತೇಲ್ತಾ ಇದಾವೆ” ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಲು ಅವನಿಂದಾಗಲಿಲ್ಲ. ದಾವಣಗೆರೆಯಿಂದ ಮೊದಲ ಬಸ್ಸು ಹಿಡಿದು ಹೋಗಿ ನೋಡಿದೆನು. ಅವನ ಹಿತ್ತಲಿನ 3000 ಲೀಟರಿನ ತೊಟ್ಟಿಯಲ್ಲಿ ಸುಮಾರು 40 ಕಿಲೋಗ್ರಾಂ ಗೆಂಡೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದುವು. ರಾತ್ರಿ ಎರಡು ಗಂಟೆಯಿಂದ ನಾಲ್ಕು ಗಂಟೆಯವರೆಗೆ ವಿದ್ಯುತ್ತು ಇರಲಿಲ್ಲ, ನಡೆದುದು ಇಷ್ಟೆ. ಪಕ್ಕದ ಪಾತಿಯಲ್ಲಿ ಪಾಲಕ್ ಸೊಪ್ಪು ಏನನ್ನೂ ಅರಿಯದಂತೆ ಹಸಿರಾಗಿ ನಿಂತಿದ್ದಿತು. ಸಾಮಗ್ರಿಯನ್ನು ಕೊಳ್ಳಲು ಅವನು ಸೋದರಮಾವನಿಂದ ಸಾಲ ಪಡೆದಿದ್ದನು. ಮಾರಿದವರು ತೊಟ್ಟಿ, ಕೊಳವೆ, ನೀರಿನ ಪಂಪು, ಗಾಳಿಯ ಪಂಪು, ಬಣ್ಣದ ಚಿತ್ರಗಳಿದ್ದ ಒಂದು ಪುಸ್ತಿಕೆ, ಇಷ್ಟನ್ನೂ ಕೊಟ್ಟಿದ್ದರು. ಪಂಪು ನಿಂತರೆ ಮೀನು ಎಷ್ಟು ಹೊತ್ತು ಬದುಕಬಲ್ಲುದೆಂಬ ಒಂದು ಸಾಲಿನ ಲೆಕ್ಕವನ್ನು ಮಾತ್ರ ಕೊಟ್ಟಿರಲಿಲ್ಲ.

ಆ ಒಂದು ಸಾಲಿನ ಲೆಕ್ಕವೇ ಈ ಲೇಖನದ ವಿಷಯ. ಕಡಿಮೆ ಹಣದಲ್ಲಿ ಹಿತ್ತಲಿನಲ್ಲಿ ಮೀನನ್ನೂ ಸೊಪ್ಪನ್ನೂ ಒಂದೇ ನೀರಿನಲ್ಲಿ ಬೆಳೆಸಲು ಹೊರಡುವವರು ಪಂಪು ಓಡುವ ಗಂಟೆಗಳನ್ನು ನೋಡಿ ಅಲ್ಲ, ಅದು ನಿಂತಿರುವ ಗಂಟೆಗಳನ್ನು ನೋಡಿ ತಮ್ಮ ತೊಟ್ಟಿಯನ್ನು ಅಳೆಯಬೇಕೆಂಬುದು ನನ್ನ ಅಭಿಪ್ರಾಯ. ಹಣವಂತರು ಜನರೇಟರನ್ನು ಇಟ್ಟುಕೊಳ್ಳುವರು. ಉಳಿದವರಿಗೆ ಅಂಕಗಣಿತವೇ ಜನರೇಟರು.

ಅಕ್ವಾಪಾನಿಕ್ಸ್ ಎಂದು ಕರೆಯಲಾಗುವ ಈ ವಿದ್ಯೆಯ ತತ್ತ್ವವು ಸರಳವಾದುದು. ತೊಟ್ಟಿಯಲ್ಲಿನ ಮೀನು ತಿಂದ ಆಹಾರದ ಸಾರಜನಕದ ಬಹುಪಾಲು ಅದರ ಕಿವಿರುಗಳಿಂದ ಅಮೋನಿಯವಾಗಿ ನೀರಿಗೆ ಸೇರುವುದು. ಆ ನೀರನ್ನು ಜಲ್ಲಿಕಲ್ಲು ತುಂಬಿದ ಪಾತಿಗೆ ಎತ್ತಿ ಸುರಿದರೆ, ಕಲ್ಲುಗಳ ಮೈಮೇಲೆ ನೆಲಸಿದ ಸೂಕ್ಷ್ಮಜೀವಿಗಳಲ್ಲಿ ಒಂದು ವರ್ಗವು ಅಮೋನಿಯವನ್ನು ನೈಟ್ರೈಟನ್ನಾಗಿಯೂ ಮತ್ತೊಂದು ವರ್ಗವು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಮೊದಲಿನವೆರಡೂ ಮೀನಿಗೆ ವಿಷ. ಮೂರನೆಯದು ಗಿಡಕ್ಕೆ ಗೊಬ್ಬರ. ಗಿಡವು ಅದನ್ನು ಹೀರಿಕೊಂಡ ಮೇಲೆ ನೀರು ಮರಳಿ ತೊಟ್ಟಿಗೆ ಇಳಿಯುವುದು.

ಇದರಲ್ಲಿ ಹೊಸದು ಹೆಸರೇ ಹೊರತು ಸಂಗತಿಯಲ್ಲ. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬಿಬ್ಬರು 1877ರಲ್ಲಿಯೇ ಮರಳು ಮತ್ತು ಸುಣ್ಣಕಲ್ಲಿನ ಪುಡಿಯನ್ನು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ಮೆಲ್ಲಗೆ ಹಾಯಿಸಿದರು. ಮೊದಲು ಅಮೋನಿಯವು ಹಾಗೆಯೇ ಹೊರಬಂದಿತು; ಸುಮಾರು ಇಪ್ಪತ್ತು ದಿನಗಳಾದ ಮೇಲೆ ನೈಟ್ರೇಟು ಕಾಣಿಸಿಕೊಂಡಿತು. ಕ್ಲೋರೋಫಾರಂ ಆವಿಯನ್ನು ಸೋಕಿಸಿದ ಕೂಡಲೆ ಆ ಕ್ರಿಯೆ ನಿಂತುಹೋಯಿತು. ಕೊಳವೆಯೊಳಗೆ ಜೀವಿಗಳಿವೆಯೆಂಬುದಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷ್ಯವಿರಲಾರದು. ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದವನು ವಿನೊಗ್ರಾಡ್‌ಸ್ಕಿ. ಅದು 1890ರ ಮಾತು. ಇನ್ನು ಮೀನನ್ನೂ ಬೆಳೆಯನ್ನೂ ಕೂಡಿಸುವ ಪದ್ಧತಿಗೆ ನಾವು ದೂರ ಹೋಗಬೇಕಾದುದಿಲ್ಲ. ನಮ್ಮ ಕುಮಟೆಯ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವೂ ಮೀನು ಸಿಗಡಿಗಳೂ ಒಂದೇ ನೆಲದಲ್ಲಿ ಬೆಳೆಯುತ್ತ ಬಂದಿವೆ. ಅಲ್ಲಿ ನೀರನ್ನು ತಿರುಗಿಸುವ ಪಂಪು ಸಮುದ್ರದ ಭರತ ಇಳಿತ. ಅದಕ್ಕೆ ಕರೆಂಟು ಹೋಗುವ ಭಯವಿಲ್ಲ. ತೊಟ್ಟಿ ಮತ್ತು ಪಾತಿಗಳ ಈಗಿನ ರೂಪವು 1980ರ ದಶಕದಿಂದೀಚಿನದು. ವರ್ಜಿನ್ ದ್ವೀಪಗಳ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ರಾಕೋಸಿಯೂ ಅಮೆರಿಕದ ಉತ್ತರ ಕೆರೊಲಿನದಲ್ಲಿ ಮಾರ್ಕ್ ಮೆಕ್‌ಮರ್ಟ್ರಿಯೂ ಅದನ್ನು ಪ್ರಯೋಗಗಳಿಂದ ಸ್ಥಿರಪಡಿಸಿದರು.

ಈಗ ಲೆಕ್ಕಕ್ಕೆ ಬರೋಣ. ನೀರಿನಲ್ಲಿ ಕರಗಿರುವ ಆಮ್ಲಜನಕವು ಬಹಳ ಸ್ವಲ್ಪ. ಅದರಲ್ಲಿಯೂ ನೀರು ಬೆಚ್ಚಗಾದಷ್ಟೂ ಅದು ಕಡಿಮೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರು ಶುದ್ಧ ನೀರು ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದು. 30 ಡಿಗ್ರಿಯಲ್ಲಿ 7.6 ಮಿಲಿಗ್ರಾಂ. ಇದು ಸಮುದ್ರಮಟ್ಟದ ಲೆಕ್ಕ. ದಾವಣಗೆರೆಯು ಸುಮಾರು 600 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿನ ವಾಯುವಿನ ಒತ್ತಡ ನೂರಕ್ಕೆ ಏಳರಷ್ಟು ಕಡಿಮೆ, ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಆದುದರಿಂದ ನಮ್ಮ ಬೇಸಿಗೆಯ ತೊಟ್ಟಿಗೆ ದೊರೆಯಬಹುದಾದ ಗರಿಷ್ಠ ಪ್ರಮಾಣ 7 ಮಿಲಿಗ್ರಾಂ. ಪಂಪು ಚೆನ್ನಾಗಿ ಓಡುತ್ತಿರುವಾಗ ವಾಸ್ತವವಾಗಿ 6 ಇದ್ದರೆ ಅದೇ ಪುಣ್ಯ. ಅದು 3ಕ್ಕೆ ಇಳಿದಾಗ ಗೆಂಡೆಯಂಥ ಗಟ್ಟಿ ಮೀನೂ ಕಷ್ಟಪಡತೊಡಗುವುದು. ಅಂದರೆ ಲೀಟರಿಗೆ 3 ಮಿಲಿಗ್ರಾಂ, ಇದಿಷ್ಟೇ ನಮ್ಮ ಠೇವಣಿ. ಬೆಚ್ಚನೆಯ ನೀರಿನಲ್ಲಿ ಮೇವು ತಿಂದಿರುವ ಮೀನು, ಕಿಲೋಗ್ರಾಂ ತೂಕಕ್ಕೆ, ಗಂಟೆಗೆ ಸುಮಾರು 300 ಮಿಲಿಗ್ರಾಂ ಆಮ್ಲಜನಕವನ್ನು ಬಳಸುವುದೆಂದು ಇಟ್ಟುಕೊಳ್ಳೋಣ.

ನನ್ನ ವಿದ್ಯಾರ್ಥಿಯ 3000 ಲೀಟರು ನೀರಿನಲ್ಲಿದ್ದ ಠೇವಣಿ 9000 ಮಿಲಿಗ್ರಾಂ. ಅವನ 40 ಕಿಲೋಗ್ರಾಂ ಮೀನಿನ ಖರ್ಚು ಗಂಟೆಗೆ 12000 ಮಿಲಿಗ್ರಾಂ. ಮುಕ್ಕಾಲು ಗಂಟೆಯಲ್ಲಿ ಗಂಟು ಕರಗಿಹೋಗಿತ್ತು. ಎರಡು ಗಂಟೆಯ ಕತ್ತಲೆಯು ಅವಶ್ಯಕತೆಗಿಂತ ಹೆಚ್ಚೇ ಆಯಿತು. ನಿಂತ ನೀರಿನ ಮೇಲ್ಮೈಯಿಂದ ಇಳಿಯುವ ಆಮ್ಲಜನಕವು ಇಂಥ ಖರ್ಚಿನ ಮುಂದೆ ನಗಣ್ಯ. ಇದನ್ನು ಅವನ ಮನೆಯ ಜಗಲಿಯ ಮೇಲೆ ಕುಳಿತು ಸೀಮೆಸುಣ್ಣದಿಂದ ಬರೆದು ತೋರಿಸಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದನು. ಬಿ.ಎಸ್ಸಿ. ತರಗತಿಯಲ್ಲಿ ಅನಿಲಗಳ ಒತ್ತಡದ ಪಾಠವನ್ನು ನಾನೇ ಅವನಿಗೆ ಹೇಳಿದ್ದವನು. ಅದನ್ನು ಒಂದು ಬಿಂದಿಗೆ ನೀರಿಗೂ ಅನ್ವಯಿಸಬಹುದೆಂದು ಹೇಳಿದ ನೆನಪಿಲ್ಲ. ಮಾರಾಟಗಾರರನ್ನು ದೂರುವ ಮುನ್ನ ಈ ಮಾತನ್ನು ಒಪ್ಪಿಕೊಳ್ಳುವುದು ನ್ಯಾಯ.

ಸಣ್ಣ ತೊಟ್ಟಿಗಳಿಗೆ ಸಾವಿರ ಲೀಟರಿಗೆ 10ರಿಂದ 20 ಕಿಲೋಗ್ರಾಂ ಮೀನು ಎಂದು ಕೈಪಿಡಿಗಳು ಹೇಳುವುವು. ಗಾಳಿಯ ಪಂಪು ನಿಲ್ಲದೆ ಓಡುವ ಊರಿಗೆ ಅದು ಸರಿಯಾದೀತು. ನಮ್ಮಲ್ಲಿ ಮಳೆಗಾಳಿಗೆ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೂ ಮೂರು ಗಂಟೆ ಕತ್ತಲೆ. ಸಾವಿರ ಲೀಟರಿಗೆ 3 ಕಿಲೋಗ್ರಾಂ ಎಂದು ಇಟ್ಟುಕೊಂಡರೆ ಠೇವಣಿಯು ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಬರುವುದು. ಅಷ್ಟರಲ್ಲಿ ಮನೆಯವರಲ್ಲಿ ಯಾರಾದರೂ ಎಚ್ಚರಗೊಂಡು ಚೆಂಬಿನಲ್ಲಿ ನೀರನ್ನು ಎತ್ತಿ ಮೇಲಿನಿಂದ ಸುರಿಯಬಹುದು. ಇದು ಹಾಸ್ಯವಲ್ಲ, ಬೀಳುವ ನೀರು ಗಾಳಿಯನ್ನು ಕೊಂಡೊಯ್ಯುವಂತೆ ನಿಂತ ನೀರು ಕೊಂಡೊಯ್ಯದು.

ಈ ಲೆಕ್ಕದ ಮೇಲೆಯೇ ನಾನು ನನ್ನ ಮನೆಯ ಹಿತ್ತಲಿನಲ್ಲಿ ಒಂದು ತೊಟ್ಟಿಯನ್ನು ಹೂಡಿದ್ದೇನೆ. ಬಾಯಿಯ ಬಳಿ ಬಿರುಕು ಬಿಟ್ಟಿದ್ದ 500 ಲೀಟರಿನ ಹಳೆಯ ಕಪ್ಪು ಟ್ಯಾಂಕು ಗುಜರಿ ಅಂಗಡಿಯಲ್ಲಿ ದೊರೆಯಿತು. 200 ಲೀಟರಿನ ನೀಲಿ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ ಅರ್ಧವನ್ನು ಪಾತಿ ಮಾಡಿಕೊಂಡು, ಉಳಿದರ್ಧವನ್ನು ನೆರೆಯವರಿಗೆ ಕೊಟ್ಟೆನು. ಡ್ರಮ್ಮನ್ನು ಕೊಳ್ಳುವಾಗ ಅದರಲ್ಲಿ ಮೊದಲು ಏನಿತ್ತೆಂದು ಕೇಳುವುದಕ್ಕೆ ಸಂಕೋಚಪಡಬಾರದು. ಕ್ರಿಮಿನಾಶಕವೋ ಬಣ್ಣವೋ ಇದ್ದುದಾದರೆ ಪುಕ್ಕಟೆ ಕೊಟ್ಟರೂ ಬೇಡ. ಪಾತಿಗೆ ಕಟ್ಟಡದ 20 ಮಿಲಿಮೀಟರು ಜಲ್ಲಿಯೇ ಸಾಕು. ಅದರ ಮೇಲೆ ನಿಂಬೆರಸವನ್ನು ಹಿಂಡಿದಾಗ ನೊರೆಯೆದ್ದರೆ ಕಲ್ಲಿನಲ್ಲಿ ಸುಣ್ಣವಿದೆಯೆಂದು ತಿಳಿದು ಬೇರೆ ಕಲ್ಲನ್ನು ಹುಡುಕಬೇಕು. ಒಂದು ಮಾತು ಮರೆಯಬಾರದು: ನೂರು ಲೀಟರು ಜಲ್ಲಿಯ ತೂಕ ಒಂದೂವರೆ ಕ್ವಿಂಟಲಿನಷ್ಟಿರುವುದು. ಹಳೆಯ ಮಂಚದ ಹಲಗೆಗಳಿಂದ ನಾನು ಮಾಡಿದ ಮೊದಲ ಕಟ್ಟೆಯು ಎರಡನೆಯ ದಿನವೇ ಮುರಿದುಬಿದ್ದು, ಭೌತಶಾಸ್ತ್ರದ ಅಧ್ಯಾಪಕನಿಗೆ ಭಾರದ ಅಂದಾಜಿಲ್ಲವೆಂದು ಬೀದಿಗೆಲ್ಲ ತಿಳಿಯಿತು. ಈಗ ಇಟ್ಟಿಗೆಯ ಕಟ್ಟೆಯಿದೆ.

ಪಂಪಿನ ವಿಷಯದಲ್ಲಿ ಜನರು ವೃಥಾ ಹಣ ಕಳೆಯುವರು. ಗಂಟೆಗೆ 500 ಲೀಟರು ನೀರನ್ನು ಒಂದು ಮೀಟರು ಎತ್ತಲು ತತ್ತ್ವತಃ ಬೇಕಾದ ಶಕ್ತಿ 1.4 ವಾಟ್ ಮಾತ್ರ. ಮಾರುಕಟ್ಟೆಯ ಸಣ್ಣ ಪಂಪು 18 ವಾಟ್ ತೆಗೆದುಕೊಳ್ಳುವುದು. ಉಳಿದುದು ನೀರನ್ನು ಬಿಸಿಮಾಡಲು ಹೋಗುವುದು. ಹೀಗಿದ್ದರೂ ತಿಂಗಳಿಗೆ 13 ಯೂನಿಟ್ಟಾದೀತು. ಪಾತಿಯನ್ನು ತೊಟ್ಟಿಯ ಬಾಯಿಗೆ ಆದಷ್ಟು ಹತ್ತಿರ ಇರಿಸಿ ಎತ್ತರವನ್ನು ಕಡಿಮೆ ಮಾಡುವುದೂ, ಗಂಟೆಗೆ ಕಾಲು ಗಂಟೆ ಮಾತ್ರ ಈ ಪಂಪನ್ನು ಓಡಿಸುವುದೂ ದೊಡ್ಡ ಪಂಪನ್ನು ಕೊಳ್ಳುವುದಕ್ಕಿಂತ ಜಾಣತನ. ಉಳಿದ ಮುಕ್ಕಾಲು ಗಂಟೆ ನೀರನ್ನು ಕಲಕಲು ಮೂರು ವಾಟಿನ ಗಾಳಿಯ ಪಂಪೊಂದು ಇರಬೇಕು. ಈ ಗಾಳಿಯ ಪಂಪನ್ನು ನಾನು 12 ವೋಲ್ಟಿನ, 7 ಆಂಪಿಯರ್-ಗಂಟೆಯ ಹಳೆಯ ಯು.ಪಿ.ಎಸ್. ಬ್ಯಾಟರಿಯೊಂದಕ್ಕೆ ಜೋಡಿಸಿದ್ದೇನೆ. ಬ್ಯಾಟರಿಯ ಸತ್ತ್ವದಲ್ಲಿ ಅರ್ಧವೇ ಉಳಿದಿದೆಯೆಂದರೂ 40 ವಾಟ್-ಗಂಟೆ. ಮೂರು ವಾಟಿಗೆ ಹದಿಮೂರು ಗಂಟೆ. ಇಡೀ ಹೂಟಕ್ಕೆ ಆದ ಖರ್ಚು ಮೂರು ಸಾವಿರ ರೂಪಾಯಿಗೆ ತುಸು ಕಡಿಮೆ. ಇದರಲ್ಲಿ ನನಗೆ ಮನಃಪೂರ್ವಕವಾಗಿ ಸಾರ್ಥಕವೆನಿಸಿದ ವೆಚ್ಚ ಈ ಬ್ಯಾಟರಿಯದೇ. ಮೀನನ್ನು ಕೊಳ್ಳುವ ಮೊದಲು ಅದನ್ನು ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಇಷ್ಟನ್ನು ಸಿದ್ಧಪಡಿಸಿದವರು ಮರುದಿನವೇ ಮೀನನ್ನು ಬಿಡಲು ಆತುರಪಡುವರು. ಶ್ಲೋಸಿಂಗ್ ಮತ್ತು ಮುಂಟ್ಸರ ಕೊಳವೆಯು ಇಪ್ಪತ್ತು ದಿನ ಕಾಯಿಸಿದುದನ್ನು ವಾಚಕರು ಇಲ್ಲಿ ಸ್ಮರಿಸಬೇಕು. ಜಲ್ಲಿಯ ಮೇಲೆ ಸೂಕ್ಷ್ಮಜೀವಿಗಳು ನೆಲಸಲು ನಮ್ಮ ಹವೆಯಲ್ಲಿಯೂ ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಹಿಡಿಯುವುದು. ಆ ಕಾಲದಲ್ಲಿ ಚಿಟಿಕೆ ಮೀನಿನ ಆಹಾರವನ್ನು ನೀರಿಗೆ ಹಾಕಿ ಕೊಳೆಯಿಸಿ, ಅಮೋನಿಯವು ಏರಿ ಇಳಿಯುವುದನ್ನೂ ಬಳಿಕ ನೈಟ್ರೈಟು ಏರಿ ಇಳಿಯುವುದನ್ನೂ ಪರೀಕ್ಷಿಸುತ್ತಿರಬೇಕು. ನಮ್ಮ ರಸಾಯನಶಾಸ್ತ್ರ ವಿಭಾಗದ ಗೆಳೆಯರೊಬ್ಬರು ನೆಸ್ಲರ್ ದ್ರಾವಣದ ಹನಿಗಳಿಂದ ನನ್ನ ನೀರಿನ ಬಣ್ಣವನ್ನು ನೋಡಿ ಹೇಳುತ್ತಿದ್ದರು. ಅಮೋನಿಯದಲ್ಲಿಯೂ ಒಂದು ಸೂಕ್ಷ್ಮವುಂಟು. 30 ಡಿಗ್ರಿಯ ನೀರಿನ ಪಿ.ಎಚ್. 7 ಆಗಿದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದಲ್ಲಿರುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ. 8 ಆಗಿದ್ದರೆ ಏಳೆಂಟು ಪಾಲು. ಕೊಳವೆಬಾವಿಯ ಗಡಸು ನೀರನ್ನು ಬಳಸುವವರು ಇದನ್ನು ಗಮನದಲ್ಲಿಡತಕ್ಕದ್ದು.

ನಲ್ಲಿಯ ನೀರಿನದು ಬೇರೆ ಕಥೆ. ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರೂ, ಭದ್ರಾ ನಾಲೆಯಿಂದ ಬಂದು ಕುಂದವಾಡ ಕೆರೆಯಲ್ಲಿ ನಿಂತ ನೀರೂ ದಾವಣಗೆರೆಯ ಮನೆಗಳಿಗೆ ಬರುವುದು ಕ್ಲೋರಿನ್ ಬೆರೆತ ಮೇಲೆಯೇ. ನಮ್ಮ ಆರೋಗ್ಯಕ್ಕೆ ಅದು ಅವಶ್ಯಕ. ಆದರೆ ರೋಗಾಣುವನ್ನು ಕೊಲ್ಲುವ ಕ್ಲೋರಿನ್ನು ಜಲ್ಲಿಯ ಮೇಲಿನ ಮಿತ್ರಜೀವಿಯನ್ನು ಬಿಡುವುದೆಂತು? ಒಂದು ಸಲ ನಲ್ಲಿಯಲ್ಲಿ ನೀರು ಬಂದ ಸಂಭ್ರಮದಲ್ಲಿ ನಾನು ತೊಟ್ಟಿಯ ಅರ್ಧ ನೀರನ್ನು ಒಮ್ಮೆಲೆ ಬದಲಾಯಿಸಿಬಿಟ್ಟೆನು. ನಾಲ್ಕು ಮೀನು ಸತ್ತುವು; ಅದಕ್ಕಿಂತ ಹೆಚ್ಚಾಗಿ, ಒಂದು ತಿಂಗಳು ಕಾದು ಕಟ್ಟಿದ ಸೂಕ್ಷ್ಮಜೀವಿಗಳ ಸಂಸಾರ ಹಾಳಾಗಿ ಮತ್ತೆ ಮೊದಲಿನಿಂದ ಪ್ರಾರಂಭಿಸಬೇಕಾಯಿತು. ಬಾಯಗಲದ ಪಾತ್ರೆಯಲ್ಲಿ ಎರಡು ದಿನ ಬಿಸಿಲಿಗಿಟ್ಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುವುದೇ ಈಗಿನ ನನ್ನ ಪದ್ಧತಿ.

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. “ತಿನ್ನಾಕಲ್ಲ ಅಂದಮ್ಯಾಲೆ ಇವನ್ನ ಯಾಕ ಸಾಕ್ತೀಯೋ?” ಎಂದು ಅವ್ವ ಕೇಳಿದಳು. ಎತ್ತನ್ನು ತಿನ್ನುವುದಕ್ಕೆಂದು ಸಾಕುತ್ತೇವೆಯೇ ಎಂದು ನಾನು ಉತ್ತರಿಸಿದೆನು. ಅವಳಿಗೆ ಸಮಾಧಾನವಾದಂತೆ ತೋರಲಿಲ್ಲವಾದರೂ ಈಗ ಮೇವು ಹಾಕುವವಳು ಅವಳೇ. ದಾವಣಗೆರೆಯಲ್ಲಿ ಇಂಥ ಮನೆಗಳು ಬಹಳ. ಅವರಿಗೆ ಗೆಂಡೆಯ ಕುಲದ್ದೇ ಆದ ಹೊಂಬಣ್ಣದ ಗೋಲ್ಡ್ ಫಿಶ್ ಸಾಕು. ಸೊಪ್ಪಿಗೆ ಗೊಬ್ಬರ ಕೊಡುವುದರಲ್ಲಿ ಅದು ಯಾವ ಮೀನಿಗೂ ಕಡಿಮೆಯಲ್ಲ. ತಿನ್ನುವವರು ಸಾಮಾನ್ಯ ಗೆಂಡೆಯನ್ನು ಆರಿಸಬಹುದು. ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟಿನಲ್ಲಿ ಸರ್ಕಾರದ ಮೀನುಮರಿ ಕೇಂದ್ರವಿದೆ. 1952ರಲ್ಲಿ ನಮ್ಮ ದೇಶಕ್ಕೆ ತರಲಾದ ಜಿಲೇಬಿ ಮೀನನ್ನು ಅನೇಕರು ಹೊಗಳುವರು. ಅದು ಗಟ್ಟಿಜೀವಿ ಎಂಬುದು ದಿಟ. ಕೆರೆ ನಾಲೆಗಳಿಗೆ ತಪ್ಪಿಸಿಕೊಂಡು ಹೋಗಿ ದೇಶೀ ಮೀನುಗಳ ಜಾಗವನ್ನು ಕಬಳಿಸುವುದೂ ಅಷ್ಟೇ ದಿಟ. ಅದನ್ನು ಸಾಕಲು ಅನುಮತಿ ಬೇಕು. ಆಫ್ರಿಕದ ಆನೆ ಮುರುಗೋಡನ್ನಂತೂ ಸಾಕುವುದೇ ನಿಷಿದ್ಧ.

ಮೇವಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಅಕ್ಕಿ ಗಿರಣಿಯ ತವುಡು, ಶೇಂಗಾ ಹಿಂಡಿ, ಇವೆರಡನ್ನೂ ಸಮಪಾಲು ಬೆರೆಸಿ ಗೆಂಡೆಗಳಿಗೆ ಹಾಕುವುದು ನಮ್ಮ ದೇಶದ ಕೆರೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಕೆರೆಯಲ್ಲಿ ಚೆಲ್ಲಿದಂತೆ ತೊಟ್ಟಿಯಲ್ಲಿ ಚೆಲ್ಲಬಾರದು. ಉಂಡೆ ಕಟ್ಟಿ, ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಬೇಕು. ಓಣಿಯ ಮಕ್ಕಳು ಮಂಡಕ್ಕಿಯನ್ನು ಎಸೆಯುವರು. ಅದು ತೇಲುತ್ತದೆ, ಮೀನು ಹಾರಿ ಹಿಡಿಯುತ್ತದೆ, ನೋಡಲು ಸೊಗಸು. ಮರುದಿನ ನೀರು ಕದಡುವುದು. ಮಕ್ಕಳಿಗೆ ಬೇಡವೆನ್ನಲು ನನಗೆ ಇನ್ನೂ ಮನಸ್ಸು ಬಂದಿಲ್ಲ.

ಇಷ್ಟೆಲ್ಲ ಮಾಡಿ ದೊರೆಯುವುದೇನು? ಇಲ್ಲಿ ನಾನು ವಾಚಕರಿಗೆ ಸತ್ಯವನ್ನೇ ಹೇಳಬೇಕು. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರವು ಒಂದು ಚದರ ಮೀಟರು ಸೊಪ್ಪನ್ನು ಪೋಷಿಸಬಲ್ಲುದು. ನನ್ನ 500 ಲೀಟರಿನಲ್ಲಿರುವುದು ಒಂದೂವರೆ ಕಿಲೋಗ್ರಾಂ ಮೀನು. ಅದು ತಿನ್ನುವುದು ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ಗ್ರಾಂ. ಅಂದಮೇಲೆ ಅರ್ಧ ಚದರ ಮೀಟರು ಪಾತಿ, ಎಂದರೆ ಸೀಳಿದ ಡ್ರಮ್ಮಿನ ಅರ್ಧ. ಪಾಲಕ್, ಪುದೀನ, ಒಂದೆರಡು ಬಸಳೆಯ ಬಳ್ಳಿ. ವಾರಕ್ಕೆ ಒಂದು ಹೊತ್ತಿನ ಸಾರಿಗೆ ಆಗುವುದು, ನೆಂಟರು ಬಂದರೆ ಸಾಲದು. ಕಬ್ಬಿಣದ ಅಂಶವು ಮೀನಿನ ಮೇವಿನಿಂದ ಸಾಕಷ್ಟು ಬಾರದಾದುದರಿಂದ ಎಳೆಯ ಎಲೆಗಳು ಆಗಾಗ ಹಳದಿಗಟ್ಟುವುದೂ ಉಂಟು. ಸಂತೆಯಲ್ಲಿ ಒಂದು ಕಟ್ಟು ಸೊಪ್ಪಿನ ಬೆಲೆಯನ್ನು ನೋಡಿದರೆ ಮೂರು ಸಾವಿರ ರೂಪಾಯಿಯು ಮರಳಿ ಬರಲು ಎಷ್ಟು ವರ್ಷ ಬೇಕೆಂದು ಯಾರಾದರೂ ಎಣಿಸಬಹುದು, ನಾನು ಎಣಿಸಿಲ್ಲ.

ಹಾಗಾದರೆ ತೊಂಬತ್ತು ಪಾಲು ನೀರಿನ ಉಳಿತಾಯವೆಂಬ ಜಾಹೀರಾತಿನ ಮಾತು? ಅದೂ ಅರ್ಧಸತ್ಯ. ನೀರು ನೆಲಕ್ಕೆ ಇಂಗಿ ಹೋಗುವುದಿಲ್ಲವೆಂಬುದು ನಿಜವಾದ ಲಾಭ. ಆದರೆ ಬಿಸಿಲು ಮತ್ತು ಒಣಗಾಳಿಗೆ ದಿನಕ್ಕೆ 6 ಮಿಲಿಮೀಟರು ಆವಿಯಾದರೆ ಒಂದು ಚದರ ಮೀಟರು ತೆರೆದ ಮೇಲ್ಮೈಯಿಂದ 6 ಲೀಟರು ಹೋಯಿತು. ಗಿಡಗಳು ಹೀರಿ ಬಿಡುವುದು ಬೇರೆ. ತೆಂಗಿನ ಗರಿಯ ನೆರಳೊಂದನ್ನು ಕಟ್ಟಿದ ಮೇಲೆ ನನ್ನ ತೊಟ್ಟಿಗೆ ಪ್ರತಿದಿನ ಸೇರಿಸಬೇಕಾದ ನೀರು ಕಣ್ಣಿಗೆ ಕಾಣುವಷ್ಟು ಇಳಿಯಿತು, ನೀರೂ ತಂಪಾಯಿತು.

ಆದುದರಿಂದ ಇದನ್ನು ನಿರುದ್ಯೋಗಿ ತರುಣರಿಗೆ ಜೀವನೋಪಾಯವೆಂದು ಬೋಧಿಸುವುದನ್ನು ನಾನು ಒಪ್ಪಲಾರೆ. ದೊಡ್ಡ ಪ್ರಮಾಣದಲ್ಲಿ, ನಿಲ್ಲದ ವಿದ್ಯುತ್ತಿನಲ್ಲಿ, ಹೆಚ್ಚಿನ ಬೆಲೆಗೆ ಸೊಪ್ಪನ್ನು ಕೊಳ್ಳುವ ಮಹಾನಗರದ ಅಂಚಿನಲ್ಲಿ ಅದು ನಡೆದೀತು. ಹರಿಹರದ ಹಿತ್ತಲಿನಲ್ಲಿ ಸಾಲ ಮಾಡಿ ಹೂಡುವುದು ಬೇರೆ ಮಾತು. ತುಂಗಭದ್ರೆಯ ಮೀನು ಮನೆಬಾಗಿಲಿಗೆ ಬರುವ ಊರಿನಲ್ಲಿ ತೊಟ್ಟಿಯ ಮೀನಿಗೆ ಹೆಚ್ಚಿನ ಬೆಲೆಯನ್ನು ಯಾರು ಕೊಡುವರು? ಇದಕ್ಕೆ ನಿಜವಾಗಿ ಸಲ್ಲುವ ಸ್ಥಳ ಮನೆಯ ಹಿತ್ತಲು ಮತ್ತು ಶಾಲೆಯ ಅಂಗಳ. ಅನಿಲಗಳ ವಿಲೀನತೆ, ಸಾರಜನಕದ ಚಕ್ರ, ಪಂಪಿನ ದಕ್ಷತೆ, ಆಮ್ಲ ಕ್ಷಾರಗಳ ಸಮತೋಲ, ಮೂರು ಸಾವಿರ ರೂಪಾಯಿಗೆ ಇಷ್ಟು ಪಾಠಗಳನ್ನು ಒಟ್ಟಿಗೆ ತೋರಿಸುವ ಉಪಕರಣವು ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೇರೊಂದಿಲ್ಲ. ಬೀರುವಿನಲ್ಲಿ ಬೀಗ ಹಾಕಿಡುವ ಉಪಕರಣವೂ ಇದಲ್ಲ. ರಜೆಯ ದಿನಗಳಲ್ಲಿ ಮೇವು ಹಾಕುವವರು ಯಾರು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಕ್ಷೇಪಣೆ ಸರಿಯಾದುದೇ. ಆದರೆ ಕಡಿಮೆ ಮೀನಿದ್ದರೆ ಒಂದು ವಾರದ ಉಪವಾಸಕ್ಕೆ ಅವು ಹೆದರುವುದಿಲ್ಲ. ಗಾಳಿಯ ಪಂಪು ಓಡುತ್ತಿದ್ದರಾಯಿತು.

ಹರಿಹರದ ತರುಣನು ದೊಡ್ಡ ತೊಟ್ಟಿಯನ್ನು ಮಾರಿ ಮಾವನ ಸಾಲದಲ್ಲಿ ಒಂದು ಭಾಗವನ್ನು ತೀರಿಸಿದ್ದಾನೆ. ಉಳಿದುದಕ್ಕಾಗಿ ಗ್ಯಾರೇಜೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಒಂದು ಡ್ರಮ್ಮನ್ನು ಮಾತ್ರ ಇಟ್ಟುಕೊಂಡಿದ್ದಾನೆ. ಅದರಲ್ಲಿ ಆರು ಗೆಂಡೆ ಮರಿಗಳಿವೆ. ನಮ್ಮ ದೇಶೀ ಮುರುಗೋಡು ಮೀನು ಮೇಲ್ಮೈಗೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲುದಾದುದರಿಂದ ಅದಕ್ಕೆ ಕತ್ತಲೆಯ ಲೆಕ್ಕವೇ ಬೇಕಿಲ್ಲವಲ್ಲವೇ ಎಂದು ಅವನು ಮೊನ್ನೆ ಕೇಳಿದನು. ಒಳ್ಳೆಯ ಪ್ರಶ್ನೆ. ಅಮೋನಿಯದ ಲೆಕ್ಕ ಆಗಲೂ ಉಳಿಯುವುದು, ಉಸಿರಿನ ಲೆಕ್ಕ ಮಾತ್ರ ತಪ್ಪುವುದು ಎಂದು ಹೇಳಿದೆನು. ಇಬ್ಬರೂ ದೇಶೀ ಮುರುಗೋಡಿನ ಮರಿಗಳಿಗಾಗಿ ಹುಡುಕುತ್ತಿದ್ದೇವೆ, ಈವರೆಗೆ ಸಿಕ್ಕಿಲ್ಲ.